ಜರ್ಮನಿಯ ಎರಡು ಯೂನಿಫಾರ್ಮ್: ಹಳೇ ಬಟ್ಟೆ ಯಾರ ಮೈಮೇಲೆ ಉಳೀತು?

ಹೋದ ಕಂತಿನಲ್ಲಿ ನನ್ನ ಬೆನ್ನ ಹಿಂದೆ ನೇತುಹಾಕಿದ್ದ ಬೂದು ಕೋಟು ನೋಡಿ ಹಲವರು ಕೇಳಿದ್ರಿ, "ಏನ್ ಗುರು, ಹಿಟ್ಲರ್ ಸೈನ್ಯದ ಕೋಟು ಮನೇಲಿ ಇಟ್ಕೊಂಡಿದ್ದೀರಲ್ಲ?" ಅಂತ. ಅಲ್ಲ. ಕೋಟಿನ ಒಳಗಿನ ಮುದ್ರೆಯಲ್ಲಿರೋ ಇಸವಿ 1984. ಅಷ್ಟೊತ್ತಿಗೆ ಹಿಟ್ಲರ್ ಸತ್ತು 39 ವರ್ಷ ಆಗಿತ್ತು. ಅದನ್ನು ಹೊಲಿಸಿದ್ದು ಫ್ಯಾಸಿಸ್ಟ್ ವಿರೋಧವೇ ತನ್ನ ಹುಟ್ಟಿಗೆ ಕಾರಣ ಅಂತ ಹೇಳಿಕೊಳ್ತಿದ್ದ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರ. ಹಾಗಿದ್ದರೂ ನಿಮ್ಮ ಕಣ್ಣಿಗೆ ಅದು ಹಿಟ್ಲರನ ಕಾಲದ ಕೋಟಿನ ಥರಾನೇ ಕಂಡಿತು. ಅದಕ್ಕೆ ಕಾರಣ ಇದೆ, ಇವತ್ತಿನ ಮಾತು ಅದರ ಬಗ್ಗೇನೇ.

1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾದ ಮೇಲೆ ಅಲ್ಲಿ ಸೇನೆಯೇ ಇರಲಿಲ್ಲ. 1949ರಲ್ಲಿ ಎರಡು ದೇಶ ಆಯ್ತು. ಶೀತಲ ಸಮರ ಬಿಸಿಯಾಗ್ತಾ ಬಂದ ಹಾಗೆ ಎರಡಕ್ಕೂ ಸೇನೆ ಬೇಕಾಯ್ತು. ಪಶ್ಚಿಮದವರು 1955ರ ನವೆಂಬರ್ 12ರಂದು ಮೊದಲ 101 ಸ್ವಯಂಸೇವಕರಿಗೆ ನೇಮಕ ಪತ್ರ ಕೊಟ್ಟರು. ಆ ಸೇನೆಯ ಹೆಸರು ಬುಂಡೆಸ್‌ವೆಯರ್. ಪೂರ್ವದವರು 1956ರ ಮಾರ್ಚ್ 1ಕ್ಕೆ ರಾಷ್ಟ್ರೀಯ ಜನತಾ ಸೇನೆ ಕಟ್ಟಿದರು, ಚಿಕ್ಕದಾಗಿ ಎನ್‌ವಿಎ. ನಾಲ್ಕು ತಿಂಗಳ ಅಂತರ ಕೂಡ ಇಲ್ಲ. ಎರಡೂ ಕಡೆ ಮುಂದೆ ಬಂದು ನಿಂತ ಪ್ರಶ್ನೆ ಒಂದೇ: ಹತ್ತು ವರ್ಷದ ಹಿಂದೆ ಯುರೋಪನ್ನೇ ಸುಟ್ಟ ಸೈನಿಕನ ಬಟ್ಟೆ ಎಲ್ಲರಿಗೂ ನೆನಪಿದೆ, ಈಗ ನಮ್ಮ ಹುಡುಗರಿಗೆ ಏನು ಹಾಕಿಸೋದು?

ಪಶ್ಚಿಮದವರು ಹಳೇದರ ನೆರಳೂ ಬೇಡ ಅಂದರು. ಎರಡು ಸಾಲು ಗುಂಡಿಯ ಗಿಡ್ಡ ಬೂದು ಜಾಕೆಟ್, ತಲೆಗೆ ಅಮೆರಿಕನ್ ಮಾದರಿಯ ಹೆಲ್ಮೆಟ್. ಸೈನಿಕ ಅಂದ್ರೆ ಯೂನಿಫಾರ್ಮ್ ತೊಟ್ಟ ನಾಗರಿಕ ಅನ್ನೋದು ಅವರ ಹೊಸ ತತ್ವ, ಅದರ ಹಿಂದಿದ್ದವರು ವೋಲ್ಫ್ ಫಾನ್ ಬೌಡಿಸಿನ್. ತತ್ವ ಚೆನ್ನಾಗಿತ್ತು, ಆದರೆ ಆ ಜಾಕೆಟ್ ಹಾಕೋರಿಗೇ ಇಷ್ಟ ಆಗಲಿಲ್ಲ. 1957ರಲ್ಲೇ ಬೇರೆ ಹೊಲಿಗೆ ತಂದರು. (ವರ್ಷನ್ ಒಂದು ಯಾವಾಗಲೂ ಹಾಗೇನೇ, ಬಿಡಿ.)

ಪೂರ್ವದಲ್ಲಿ ಆಗಿದ್ದು ಇದರ ಉಲ್ಟಾ. 1952ರಿಂದ ಅಲ್ಲಿ ಪೊಲೀಸ್ ಅನ್ನೋ ಹೆಸರಲ್ಲಿ ಬ್ಯಾರಕ್‌ಗಳಲ್ಲಿ ಒಂದು ಪಡೆ ಇತ್ತು, ರಷ್ಯನ್ನರ ಹಾಗೆ ಖಾಕಿ ಹಾಕ್ತಿತ್ತು. 1956ರಲ್ಲಿ ಅದನ್ನೇ ಸೇನೆ ಮಾಡಿದಾಗ ಖಾಕಿ ಬಿಟ್ಟು ಕಲ್ಲುಬೂದು ಬಣ್ಣ ತಂದರು. ಕತ್ತರಿಸಿದ ರೀತಿ, ಗಾಢ ಬಣ್ಣದ ಕಾಲರ್, ಉದ್ದ ಬೂಟು, ಎಲ್ಲಾ ಹಳೇ ವೆಯರ್‌ಮಾಖ್ಟ್ ಸೈನಿಕನ ಹಾಗೇನೇ. ಹೆಲ್ಮೆಟ್ ಇನ್ನೂ ಸ್ವಾರಸ್ಯ. ಯುದ್ಧದ ಕಾಲದಲ್ಲಿ ಹಿಟ್ಲರನ ಸೇನೆಗಾಗಿ ರೂಪಿಸಿ, ಪರೀಕ್ಷೆಯಲ್ಲೇ ನಿಂತುಹೋಗಿದ್ದ ಒಂದು ವಿನ್ಯಾಸದಿಂದ ಬಂದದ್ದು ಅದು. ಬರ್ಲಿನ್ನಿನ ಉಂಟರ್ ಡೆನ್ ಲಿಂಡೆನ್ ರಸ್ತೆಯಲ್ಲಿ ಫ್ಯಾಸಿಸಂಗೆ ಬಲಿಯಾದವರ ಸ್ಮಾರಕದ ಮುಂದೆ ಪಹರೆ ಬದಲಾಗುವಾಗ ಇದೇ ಹೆಲ್ಮೆಟ್ ಹಾಕಿಕೊಂಡು, ಕಾಲನ್ನು ನೇರವಾಗಿ ಎತ್ತಿ ಹಾಕುವ ಅದೇ ಹಳೇ ಪ್ರಷ್ಯನ್ ನಡಿಗೆ. ನೋಡಿದವರಿಗೆ ಹೇಗನ್ನಿಸಿರಬೇಕು!

ಯಾಕೆ ಹೀಗೆ? ಪೂರ್ವದ ಸರ್ಕಾರದ ವಾದ ಸರಳ: ಪಶ್ಚಿಮದವರು ಅಮೆರಿಕದ ಬಾಡಿಗೆ ಬಟ್ಟೆ ಹಾಕ್ಕೊಂಡಿದ್ದಾರೆ, ನಿಜವಾದ ಜರ್ಮನ್ನರು ನಾವು, ನೆಪೋಲಿಯನ್ ವಿರುದ್ಧ 1813ರಲ್ಲಿ ಹೋರಾಡಿದವರ ಪರಂಪರೆ ನಮ್ಮದು, ನಡುವೆ ಬಂದ ಹಿಟ್ಲರ್ ಅದನ್ನು ಕೆಡಿಸಿದ. ತಮಾಷೆ ಏನಂದ್ರೆ ಪಶ್ಚಿಮದವರು ಆ ನವೆಂಬರ್ 12 ಅನ್ನು ಆರಿಸಿದ್ದೂ ಅದೇ ಕಾಲದ ಸೇನಾ ಸುಧಾರಕ ಶಾರ್ನ್‌ಹೋರ್ಸ್ಟ್ ಹುಟ್ಟಿ ಆವತ್ತಿಗೆ 200 ವರ್ಷ ಆಯ್ತು ಅಂತ. ಎನ್‌ವಿಎಯ ಅತ್ಯುನ್ನತ ಸೇನಾ ಪದಕದ ಹೆಸರೂ ಶಾರ್ನ್‌ಹೋರ್ಸ್ಟ್ ಪದಕ. ಒಬ್ಬನೇ ಅಜ್ಜ, ಆಸ್ತಿಗೆ ಇಬ್ಬರು ಮೊಮ್ಮಕ್ಕಳ ಜಗಳ.

ಹಾಗಂತ ಬಟ್ಟೆ ನೋಡಿ ಮನುಷ್ಯರನ್ನು ಅಳೆಯೋಕೆ ಹೋಗಬೇಡಿ. ಹೊಸ ಜಾಕೆಟ್ ತೊಟ್ಟ ಬುಂಡೆಸ್‌ವೆಯರ್‌ನ ಮೊದಲ ಜನರಲ್‌ಗಳಾದ ಹಾಯ್ಸಿಂಗರ್, ಸ್ಪೈಡೆಲ್ ಇಬ್ಬರೂ ಹಿಟ್ಲರನ ಸೇನೆಯಲ್ಲಿ ಜನರಲ್ ಆಗಿದ್ದವರೇ. ಎನ್‌ವಿಎಯ ಮೊದಲ ಮುಖ್ಯಸ್ಥರಲ್ಲಿ ಒಬ್ಬನಾದ ವಿನ್ಸೆಂಟ್ಸ್ ಮ್ಯುಲರ್ ಕೂಡ ಅಲ್ಲಿಂದಲೇ ಬಂದವನು. ಪಶ್ಚಿಮದವರು ಬಟ್ಟೆ ಬದಲಾಯಿಸಿದರು, ಪೂರ್ವದವರು ಬ್ಯಾಡ್ಜ್ ಬದಲಾಯಿಸಿದರು. ಆಳು ಎರಡೂ ಕಡೆ ಸ್ವಲ್ಪ ಹಳಬರೇ.

ಊಟದ ಡಬ್ಬಿಯಲ್ಲಂತೂ ಯಾರೂ ರಾಜಕೀಯ ನೋಡಲಿಲ್ಲ. ಸೊಂಟಕ್ಕೆ ಒತ್ತಿ ಕೂರೋ, ಮೂತ್ರಪಿಂಡದ ಆಕಾರದ ಅಲ್ಯೂಮಿನಿಯಂ ಡಬ್ಬಿ ಯುದ್ಧಕ್ಕೆ ಮುಂಚೆಯೇ ಇತ್ತು. ಅದೇ ಆಕಾರ ಆಮೇಲೆ ಎರಡೂ ಸೇನೆಯಲ್ಲಿ ಮುಂದುವರೀತು. ಒಳ್ಳೇ ಡಿಸೈನ್ ಅಂದ್ರೆ ಹಾಗೆ, ಸರ್ಕಾರ ಬಿದ್ದರೂ ಅನ್ನದ ಡಬ್ಬಿ ಬೀಳಲ್ಲ.

ಈಗ ಸಂಗ್ರಹದ ಮಾತಿಗೆ ಬರೋಣ. ನಾನು ಎಂಟೆಕ್ ಮುಗಿಸಿ ಪುಣೆಯಲ್ಲಿ ಕೆಲಸಕ್ಕೆ ಸೇರಿ, ಪ್ರಾಜೆಕ್ಟ್ ಸಲುವಾಗಿ ಬರ್ಲಿನ್‌ಗೆ ಹೋದಾಗ ಈ ಹುಚ್ಚು ಹತ್ತಿದ್ದು. ಅಲ್ಲಿ ಮೌವರ್‌ಪಾರ್ಕ್ ಅಂತ ಇದೆ, ಗೋಡೆ ಇದ್ದ ಜಾಗದಲ್ಲೇ ಭಾನುವಾರ ಹಳೇ ಸಾಮಾನಿನ ಸಂತೆ. ಮೊದಲು ನನ್ನನ್ನು ಸೆಳೆದದ್ದು ಲೇಬಲ್. ಬುಂಡೆಸ್‌ವೆಯರ್ ಪಾರ್ಕಾ ಜಾಕೆಟ್ಟಿನೊಳಗೆ 13 ಅಂಕಿಯ ನ್ಯಾಟೋ ಸ್ಟಾಕ್ ನಂಬರ್ ಇರುತ್ತೆ. ಮೊದಲ ನಾಲ್ಕು ವಸ್ತುವಿನ ವರ್ಗ, 8415 ಅಂದ್ರೆ ವಿಶೇಷ ಉಡುಪು. ಆಮೇಲಿನ ಎರಡು ದೇಶ, ಜರ್ಮನಿಗೆ 12. ಉಳಿದ ಏಳು ಆ ವಸ್ತುವಿನದೇ ನಂಬರ್. ಡೇಟಾಬೇಸ್ ಕೆಲಸ ಮಾಡೋರಿಗೆ ಇದಕ್ಕಿಂತ ಖುಷಿ ಏನಿದೆ? ಎನ್‌ವಿಎ ಬಟ್ಟೆಯಲ್ಲಿ ಅಷ್ಟು ಅಚ್ಚುಕಟ್ಟಿಲ್ಲ, m48 ಅನ್ನೋ ಥರ ಅಳತೆ ಮತ್ತು ಇಸವಿಯ ಶಾಯಿ ಮುದ್ರೆ ಅಷ್ಟೇ.

ಆ ಹಸಿರು ಪಾರ್ಕಾಗೂ ಒಂದು ಕಥೆ ಇದೆ. 1970, 80ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಯುದ್ಧವಿರೋಧಿ ಹುಡುಗರು ಸೇನೆ ಮಾರಿದ ಅದೇ ಜಾಕೆಟ್ ಹಾಕಿಕೊಂಡು ಮೆರವಣಿಗೆ ಹೋಗ್ತಿದ್ರು. ಅಗ್ಗ, ಬೆಚ್ಚಗೆ, ಜೇಬು ಬೇಕಾದಷ್ಟು. 1981ರ ಅಕ್ಟೋಬರ್ 10ರಂದು ಅಣ್ವಸ್ತ್ರ ಬೇಡ ಅಂತ ಬಾನ್‌ನಲ್ಲಿ ಸುಮಾರು 3 ಲಕ್ಷ ಜನ ಸೇರಿದ್ದು ಆ ಕಾಲದಲ್ಲೇ. ಪೂರ್ವದ ಸೈನಿಕರ ಮರೆವೇಷದ ಬಟ್ಟೆ ಬೇರೆ: ಮಾಸಲು ಬಣ್ಣದ ಮೇಲೆ ಮಳೆ ಸುರಿದ ಹಾಗೆ ಕಂದು ಗೀರುಗಳು. ನೋಡೋಕೆ ಚೆಂದ. ನನ್ನ ಹತ್ರ ಒಂದಿದೆ, ಆದರೆ ರಸ್ತೆಗೆ ಹಾಕಿಕೊಂಡು ಹೋಗಲ್ಲ. ಪುಣೆ ದಂಡು ಇರೋ ಊರು, ಪಠಾಣ್‌ಕೋಟ್ ದಾಳಿಯ ನಂತರ 2016ರಲ್ಲಿ ನಮ್ಮ ಸೇನೆಯೇ ಇಂಥ ಬಟ್ಟೆ ಹಾಕಬೇಡಿ ಅಂತ ಜನರಲ್ಲಿ ಕೇಳಿಕೊಂಡಿತ್ತು. ಸೆಕ್ಯುರಿಟಿಯವರಿಗೆ ಜರ್ಮನ್ ಗೀರು, ನಮ್ಮ ಗೀರು ಅಂತ ವಿವರಿಸ್ತಾ ನಿಲ್ಲೋದು ಯಾಕೆ?

1990ರ ಅಕ್ಟೋಬರ್ 2ರ ಮಧ್ಯರಾತ್ರಿ ಎನ್‌ವಿಎ ಇಲ್ಲವಾಯ್ತು. ಗೋದಾಮುಗಟ್ಟಲೆ ಬಟ್ಟೆ ಉಳೀತು. ಬೆಲೆ ಬಿತ್ತು. ಅನಾಹುತ ಶುರುವಾಗಿದ್ದು ಅಲ್ಲಿಂದ. ನಾಜಿ ಕಾಲದ ಕೋಟಿಗೆ ದುಡ್ಡು ಜಾಸ್ತಿ, ಎನ್‌ವಿಎ ಕೋಟಿಗೆ ಕಮ್ಮಿ, ನೋಡೋಕೆ ಎರಡೂ ಒಂದೇ ಥರ. ಬ್ಯಾಡ್ಜ್ ಬಿಚ್ಚಿ ಹದ್ದು ಹೊಲಿದರೆ ಆಯ್ತು. ಹೀಗೆ ಬದಲಾದ ಒಂದೊಂದು ಕೋಟಿನ ಜೊತೆ ಪೂರ್ವ ಜರ್ಮನಿಯ ಒಬ್ಬ ಹುಡುಗನ ಗುರುತು ಅಳಿಸಿಹೋಗುತ್ತೆ. ಇದು ನನಗೆ ಬರೀ ಮೋಸ ಅನ್ನಿಸಲ್ಲ, ದಾಖಲೆ ತಿದ್ದಿದ ಹಾಗೆ ಅನ್ನಿಸುತ್ತೆ.

ನೀವು ಕೇಳಿದ ಆ ಬೂದು ಕೋಟಿನ ತೋಳಿನ ಕೆಳಭಾಗದಲ್ಲಿ ಒಂದು ಪಟ್ಟಿ ಬಿಚ್ಚಿದ ಗುರುತಿದೆ. ಹಸಿರು ದಾರದ ಚೂರುಗಳು ಇನ್ನೂ ಇವೆ. ಅಲ್ಲಿ ಇದ್ದದ್ದು ಗಡಿ ಪಡೆಯ ತೋಳುಪಟ್ಟಿ. 1961ರಿಂದ 89ರ ತನಕ ಬರ್ಲಿನ್ ಗೋಡೆಯಲ್ಲಿ ಕನಿಷ್ಠ 140 ಜನ ಸತ್ತರು, ಹೆಚ್ಚಿನವರು ಇದೇ ಪಡೆಯ ಗುಂಡಿಗೆ. ಆ ಪಟ್ಟಿ ಕಿತ್ತದ್ದು ಲಾಭಕ್ಕೆ ವ್ಯಾಪಾರಿಯಾ, ಇಲ್ಲಾ 1990ರಲ್ಲಿ ಅದನ್ನು ಹಾಕಿಕೊಂಡಿದ್ದವನೇನಾ? ಎರಡಕ್ಕೂ ಅರ್ಥ ಬೇರೆ ಬೇರೆ. ಅದಕ್ಕೇ ನಾನು ಹೊಸ ಪಟ್ಟಿ ತಂದು ಹೊಲಿಸಿಲ್ಲ, ದಾರಾನೂ ಕೀಳಲ್ಲ.

ಸದ್ಯ ನಾನು ಹುಡುಕ್ತಿರೋದು ಒಂದು ಜೊತೆ ಭುಜಪಟ್ಟಿ. 1962ರಲ್ಲಿ ಪೂರ್ವ ಜರ್ಮನಿಯಲ್ಲಿ ಕಡ್ಡಾಯ ಸೇನಾಸೇವೆ ಬಂತು. ಬಂದೂಕು ಹಿಡಿಯಲ್ಲ ಅಂದ ಕ್ರೈಸ್ತ ಹುಡುಗರಿಗೆ 1964ರಿಂದ ಕಟ್ಟಡ ಸೈನಿಕ ಅನ್ನೋ ದಾರಿ ಕೊಟ್ಟರು, ವಾರ್ಸಾ ಕೂಟದಲ್ಲಿ ಬೇರೆಲ್ಲೂ ಇರದ ವ್ಯವಸ್ಥೆ. ಅವರದ್ದೂ ಅದೇ ಬೂದು ಬಟ್ಟೆ, ಭುಜದ ಮೇಲೆ ಮಾತ್ರ ಪುಟ್ಟ ಸಲಿಕೆ. ಆಮೇಲೆ ಓದು, ಕೆಲಸ ಎರಡಕ್ಕೂ ಆ ಸಲಿಕೆ ಅಡ್ಡ ಬರ್ತಿತ್ತು. ಹಾಗೆ ಸೇರಿದವರಲ್ಲಿ ರೈನರ್ ಎಪ್ಪೆಲ್‌ಮನ್ ಒಬ್ಬ. ಆಜ್ಞೆ ಪಾಲಿಸ್ತೀನಿ ಅಂತ ಪ್ರತಿಜ್ಞೆ ಮಾಡಲ್ಲ ಅಂದದ್ದಕ್ಕೆ ಎಂಟು ತಿಂಗಳು ಜೈಲು. ಮುಂದೆ ಪಾದ್ರಿಯಾದ. 1990ರ ಏಪ್ರಿಲ್‌ನಲ್ಲಿ ಪೂರ್ವ ಜರ್ಮನಿಯ ಕೊನೆಯ ಸರ್ಕಾರದಲ್ಲಿ ರಕ್ಷಣಾ ಮಂತ್ರಿಯಾದದ್ದು ಅವನೇ, ಖಾತೆಯ ಹೆಸರಿಗೆ ನಿಶ್ಶಸ್ತ್ರೀಕರಣ ಅನ್ನೋದನ್ನೂ ಸೇರಿಸಿಕೊಂಡು. ಅಲ್ಲಿ ತನಕ ಸಲಿಕೆಯವರನ್ನು ಕೀಳಾಗಿ ನೋಡ್ತಿದ್ದ ಜನರಲ್‌ಗಳು ಅವನಿಗೆ ಸಲ್ಯೂಟ್ ಹೊಡೀಬೇಕಾಯ್ತು.

ಅಂಥ ಭುಜಪಟ್ಟಿ ಸಂತೆಯಲ್ಲಿ ಸುಲಭಕ್ಕೆ ಸಿಗಲ್ಲ. ನಿಮ್ಮಲ್ಲಿ ಯಾರಾದರೂ ಲೈಪ್‌ಸಿಗ್, ಡ್ರೆಸ್ಡೆನ್ ಕಡೆ ಆನ್‌ಸೈಟ್ ಇದ್ದರೆ ಭಾನುವಾರ ಒಂದು ಸುತ್ತು ಹಾಕಿ. ಸಿಕ್ಕರೆ ಮೊದಲು ಹಿಂಭಾಗದ ಫೋಟೋ ತೆಗೀರಿ, ಹೊಲಿಗೆ ಕಾಣಿಸಬೇಕು.