ಫಿಯಟ್ ಗಾಡಿಯ ಮುಂದಿನ ಸ್ಪ್ರಿಂಗು

ಮುಂಬಯಿಯಲ್ಲಿ ಹತ್ತಿಪ್ಪತ್ತು ವರ್ಷ ಕಳೆದ ನಮ್ಮವರಲ್ಲಿ ಕಪ್ಪು-ಹಳದಿ ಫಿಯಟ್ ಟ್ಯಾಕ್ಸಿ ಹತ್ತದವರು ಯಾರೂ ಇರಲಿಕ್ಕಿಲ್ಲ. ಊರಿಂದ ಬಂದ ಬಸ್ಸು ಇಳಿದು, ಅಕ್ಕಿ ಚೀಲ, ಉಪ್ಪಿನಕಾಯಿ ಭರಣಿ ಎಲ್ಲ ಮೇಲಿನ ಕ್ಯಾರಿಯರಿಗೆ ಕಟ್ಟಿಸಿ ಮನೆ ಸೇರಿದ್ದು ಅದರಲ್ಲೇ ಅಲ್ಲವೇ? 2023ರ ಅಕ್ಟೋಬರ್ ಕೊನೆಗೆ ಆ ಗಾಡಿ ರಸ್ತೆ ಬಿಟ್ಟಿತು. 2003ರ ಅಕ್ಟೋಬರ್ 29ರಂದು ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾಗಿದ್ದ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷದ ವಯೋಮಿತಿ ಮುಗಿದಿತ್ತು. ಆಗ ಬಹಳ ಮಂದಿ ಬರೆದರು. ಮೀಟರಿನ ಬಗ್ಗೆ, ಸ್ಟಿಯರಿಂಗಿಗೆ ಅಂಟಿದ ಗೇರಿನ ಬಗ್ಗೆ, ಒಳಗಿನ ಹೂಬಳ್ಳಿ ರೆಕ್ಸಿನ್ ಬಗ್ಗೆ. ನಾನು ಓದಿದ ಮಟ್ಟಿಗೆ, ಅದರ ಮುಂದಿನ ಚಕ್ರಗಳ ಹಿಂದೆ ಮುದುಡಿ ಕೂತಿದ್ದ ಎರಡು ಸ್ಪ್ರಿಂಗುಗಳ ಬಗ್ಗೆ ಯಾರೂ ಬರೆಯಲಿಲ್ಲ. ಇವತ್ತು ಅದರದೇ ಕತೆ.

ಸ್ಪ್ರಿಂಗಿನ ಬಗ್ಗೆ ಬರೆಯುವುದೇನಿದೆ ಎನ್ನಬೇಡಿ. ಗಾಡಿಯೊಳಗೆ ಕೂತವರಿಗೆ ಸುಖ ಕೊಟ್ಟ ಅದೇ ವಸ್ತು ಗಾಡಿಯ ಕೆಳಗೆ ಮಲಗಿದವನ ಕೈಬೆರಳಿಗೂ ಹಲ್ಲಿಗೂ ಸಂಚಕಾರ ತಂದಿದೆ. ಎರಡೂ ಒಂದೇ ಇತಿಹಾಸ.

ಮೊದಲು ಸ್ವಲ್ಪ ಹಿಂದೆ ಹೋಗೋಣ. ನಮ್ಮ ಎತ್ತಿನಗಾಡಿಗೆ ಸ್ಪ್ರಿಂಗು ಎಂಬುದೇ ಇರಲಿಲ್ಲ. ಅಚ್ಚಿನ ಮೇಲೆ ನೇರ ಮರ, ಮರದ ಮೇಲೆ ಹುಲ್ಲು, ಹುಲ್ಲಿನ ಮೇಲೆ ನಾವು. ಕುದುರೆ ಸಾರೋಟಿಗೆ ಮಾತ್ರ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನು ಬಂತು. ಇಂಗ್ಲೆಂಡಿನಲ್ಲಿ ಒಬಡಯಾ ಎಲಿಯಟ್ ಎಂಬಾತ 1804ರಲ್ಲಿ ಎರಡು ಕಮಾನುಗಳನ್ನು ಎದುರುಬದುರು ಇಟ್ಟು ಮೊಟ್ಟೆಯಾಕಾರದ ಸ್ಪ್ರಿಂಗು ಮಾಡಿದ. ಗೇಟ್‌ವೇ ಹತ್ತಿರ ನಾವು ನೋಡುತ್ತಿದ್ದ ವಿಕ್ಟೋರಿಯಾ ಗಾಡಿಗಳಲ್ಲಿ ಇದ್ದದ್ದು ಇದೇ ಕುಲದ ಕಮಾನು. ಸುರುಳಿ ಸ್ಪ್ರಿಂಗು, ಅಂದರೆ ಕಾಯಿಲ್ ಸ್ಪ್ರಿಂಗು, ಇದಕ್ಕಿಂತ ಹಳೆಯದು. ಅದಕ್ಕೆ ಬ್ರಿಟನ್ನಿನಲ್ಲಿ 1763ರಲ್ಲೇ ಪೇಟೆಂಟ್ ಆಗಿತ್ತು. ಎಳೆದಷ್ಟೂ ಒತ್ತಿದಷ್ಟೂ ಅದೇ ಪ್ರಮಾಣದಲ್ಲಿ ಬಲ ಹೆಚ್ಚುತ್ತದೆ ಎಂಬ ಲೆಕ್ಕವನ್ನು ರಾಬರ್ಟ್ ಹುಕ್ 1678ರಲ್ಲೇ ಬರೆದಿಟ್ಟಿದ್ದ. ಶಾಲೆಯಲ್ಲಿ ಓದಿದ ಆ ಹುಕ್ಕನ ನಿಯಮವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೋಟಾರು ಬಂದಾಗ ಸಾರೋಟಿನ ಕಮಾನೇ ಅದಕ್ಕೂ ಬಂತು. ಎರಡು ಮುಂದಿನ ಚಕ್ರಗಳಿಗೆ ಅಡ್ಡಲಾಗಿ ಒಂದು ಗಟ್ಟಿ ಅಚ್ಚು, ಅದರ ಮೇಲೆ ಎರಡು ಕಮಾನು. ಎಡಚಕ್ರ ಗುಂಡಿಗೆ ಬಿದ್ದರೆ ಬಲಚಕ್ರವೂ ವಾಲುತ್ತಿತ್ತು. ಇಟಲಿಯ ಲಾನ್ಸಿಯಾ ಕಂಪನಿ 1922ರಲ್ಲಿ ತೋರಿಸಿದ ಲಾಂಬ್ಡಾ ಕಾರಿನಲ್ಲಿ ಪ್ರತಿ ಮುಂದಿನ ಚಕ್ರವೂ ತನ್ನ ಪಾಡಿಗೆ ತಾನು ಮೇಲೆ ಕೆಳಗೆ ಆಡುತ್ತಿತ್ತು, ಕಾಯಿಲ್ ಸ್ಪ್ರಿಂಗಿನ ಆಧಾರದಲ್ಲಿ. ಆದರೆ ಜನಸಾಮಾನ್ಯರ ಕಾರಿಗೆ ಅದು ಬಂದದ್ದು ಅಮೆರಿಕದಿಂದ.

ಅಲ್ಲಿನ ಕ್ಯಾಡಿಲಾಕ್ ಕಂಪನಿಗೆ 1930ರಲ್ಲಿ ಮಾರಿಸ್ ಓಲಿ ಎಂಬ ಇಂಗ್ಲಿಷ್ ಎಂಜಿನಿಯರ್ ಸೇರಿದ. ಮೊದಲು ರೋಲ್ಸ್ ರಾಯ್ಸ್‌ನಲ್ಲಿದ್ದವ. ಒಂದು ದೊಡ್ಡ ಕಾರಿಗೆ ಜರುಗಿಸಬಹುದಾದ ತೂಕಗಳನ್ನು ಕಟ್ಟಿ, ಹಿಂದಕ್ಕೆ ಮುಂದಕ್ಕೆ ಸರಿಸುತ್ತ, ತಾವೇ ಒಳಗೆ ಕೂತು ಯಾವಾಗ ಹಿತವೆನಿಸುತ್ತದೆ ಎಂದು ಪರೀಕ್ಷೆ ಮಾಡಿದರು. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆದುವಾಗಿದ್ದರೆ ಗಾಡಿ ದೋಣಿಯಂತೆ ಹೊಯ್ದಾಡುವುದಿಲ್ಲ ಎಂದು ಗೊತ್ತಾಯಿತು. ಆದರೆ ಮುಂದಿನ ಕಮಾನನ್ನು ಮೆದು ಮಾಡಿದರೆ ಅಚ್ಚು ಅಂಕೆಗೆ ಸಿಗದೆ ಚಕ್ರಗಳು ಗಡಗಡ ನಡುಗುತ್ತಿದ್ದವು. ಹಾಗಾಗಿ ಅಚ್ಚನ್ನೇ ತೆಗೆದು, ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳು ಕೊಟ್ಟು, ನಡುವೆ ಕಾಯಿಲ್ ಸ್ಪ್ರಿಂಗು ಇಟ್ಟರು. 1934ರ ಕ್ಯಾಡಿಲಾಕ್, ಬ್ಯೂಕ್, ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಇದು ಮಾರುಕಟ್ಟೆಗೆ ಬಂತು. ಕೋಳಿಯ ಎದೆಮೂಳೆಯಂತೆ ಕವಲೊಡೆದ ಆ ತೋಳುಗಳಿಗೆ ವಿಷ್‌ಬೋನ್ ಎಂಬ ಹೆಸರು.

ಇಟಲಿಯ ಫಿಯಟ್ ಕಂಪನಿ 1953ರಲ್ಲಿ ಹೊಸ 1100 ಕಾರು ತಂದಾಗ ಅದರ ಮುಂದೆ ಇದೇ ಏರ್ಪಾಟು: ವಿಷ್‌ಬೋನ್ ತೋಳು, ಕಾಯಿಲ್ ಸ್ಪ್ರಿಂಗು. ಹಿಂದೆ ಮಾತ್ರ ಹಳೆಯ ಕಮಾನು. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್, ಅದನ್ನು ನಮ್ಮ ಕುರ್ಲಾ ಕಾರ್ಖಾನೆಯಲ್ಲಿ ತಯಾರಿಸತೊಡಗಿತು. 1964ರಲ್ಲಿ ಬಂದದ್ದು 1100 ಡಿಲೈಟ್. ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, ಆಮೇಲೆ ಪದ್ಮಿನಿಯಾಯಿತು. ಅದರ ಎದುರಾಳಿ ಅಂಬಾಸಡರ್‌ಗೆ ಮುಂದೆ ಕಾಯಿಲ್ ಸ್ಪ್ರಿಂಗು ಇರಲಿಲ್ಲ, ತಿರುಚಿದಾಗ ಸೆಟೆಯುವ ಟಾರ್ಶನ್ ಬಾರ್ ಎಂಬ ಉಕ್ಕಿನ ಸರಳಿತ್ತು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಫಿಯಟ್ಟಿನಂತೆ ಕಾಯಿಲ್ ಸ್ಪ್ರಿಂಗು.

ಈಗ ಗಾಡಿಯ ಕೆಳಗೆ ಇಳಿಯೋಣ.

ಕಮಾನು ಬಿಚ್ಚುವುದರಲ್ಲಿ ಒಂದು ಅನುಕೂಲ ಇತ್ತು. ಗಾಡಿಯನ್ನು ಜ್ಯಾಕ್ ಹಾಕಿ ಎತ್ತಿ, ಅಚ್ಚನ್ನು ಕೆಳಗೆ ಇಳಿಬಿಟ್ಟರೆ ಕಮಾನಿನ ಮೇಲಿನ ಭಾರ ಹೋಗುತ್ತದೆ, ಅದು ಬಹುಪಾಲು ಸಡಿಲವಾಗುತ್ತದೆ. ಲಾರಿ ಮೇಸ್ತ್ರಿಗಳು ತಲೆಮಾರುಗಟ್ಟಲೆ ಕಲಿತದ್ದು ಇದನ್ನೇ: ಎತ್ತು, ಸಡಿಲವಾಗುತ್ತದೆ, ಬಿಚ್ಚು. ಕಾಯಿಲ್ ಸ್ಪ್ರಿಂಗಿನಲ್ಲಿ ಈ ಪಾಠ ತಲೆಕೆಳಗು. ಗಾಡಿ ಎತ್ತಿದರೂ ಚಕ್ರ ಒಂದು ಮಟ್ಟದವರೆಗೆ ಇಳಿದು ನಿಲ್ಲುತ್ತದೆ, ತೋಳಿಗೆ ಅಲ್ಲೊಂದು ತಡೆ ಇದೆ. ಕೆಲವು ಗಾಡಿಗಳಲ್ಲಿ ಶಾಕ್ ಅಬ್ಸಾರ್ಬರೇ ಆ ತಡೆ. ಸ್ಪ್ರಿಂಗಿನ ನಿಜವಾದ ಉದ್ದ ಆ ಜಾಗಕ್ಕಿಂತ ಎಷ್ಟೋ ಹೆಚ್ಚು. ಅಂದರೆ ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದರೂ, ನೋಡುವವನಿಗೆ ಎಲ್ಲ ಸಡಿಲವಾಗಿದೆ ಅನಿಸಿದರೂ, ಒಳಗೆ ಸ್ಪ್ರಿಂಗು ಬಿಗಿದೇ ಕೂತಿದೆ. ಮೇಲಿನ ತೋಳಿನ ಬಾಲ್ ಜಾಯಿಂಟ್ ಬಿಚ್ಚಿದ ಕ್ಷಣಕ್ಕೆ ಕೆಳತೋಳು ಬಾಗಿಲಿನಂತೆ ತೆರೆದುಕೊಳ್ಳುತ್ತದೆ, ಸ್ಪ್ರಿಂಗು ಹೊರಗೆ ಹಾರುತ್ತದೆ.

ಎಷ್ಟು ಜೋರಾಗಿ? ಹುಕ್ಕನನ್ನು ಕರೆಯೋಣ. ಲೆಕ್ಕಕ್ಕೆ ಒಂದು ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಒತ್ತಲು 50 ನ್ಯೂಟನ್, ಅಂದರೆ ಸುಮಾರು 5 ಕಿಲೋ ಭಾರ ಬೇಕು ಎನ್ನಿ. ಅದನ್ನು 100 ಮಿಲಿಮೀಟರ್ ಒತ್ತಿಟ್ಟರೆ ಒಳಗೆ 250 ಜೂಲ್ ಶಕ್ತಿ ಕೂತಿರುತ್ತದೆ. 25 ಕಿಲೋ ಅಕ್ಕಿ ಮೂಟೆ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಆದರೆ ಸ್ಪ್ರಿಂಗಿನ ತೂಕ ಮೂರು ಕಿಲೋ ಎಂದಿಟ್ಟುಕೊಂಡು ಆ ಶಕ್ತಿಯೆಲ್ಲ ಅದರ ಓಟಕ್ಕೇ ಹೋದರೆ, ಅದು ಗಂಟೆಗೆ 45 ಕಿಲೋಮೀಟರ್ ದಾಟಿದ ವೇಗದಲ್ಲಿ ಬರುತ್ತದೆ. ಇನ್ನೊಂದು ಮಾತು: ಎರಡರಷ್ಟು ಒತ್ತಿದರೆ ಶಕ್ತಿ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಕೈಗೆ ಸ್ವಲ್ಪವೇ ಹೆಚ್ಚು ಬಿಗಿ ಎನಿಸಿದ್ದು ಮುಖಕ್ಕೆ ಬಹಳ ಹೆಚ್ಚು.

ಈ ನಗರದ ಗ್ಯಾರೇಜುಗಳಲ್ಲಿ ಹಳೆಯ ಉಸ್ತಾದರನ್ನು ಮಾತಾಡಿಸಿದರೆ ಸ್ಪ್ರಿಂಗಿನ ಕತೆ ಒಂದಾದರೂ ಬರುತ್ತದೆ. ನಮ್ಮ ಕಟ್ಟಡದ ಹಿಂದೆ ಗ್ಯಾರೇಜು ಇಟ್ಟಿದ್ದ ಮೇಸ್ತ್ರಿಯೊಬ್ಬರ ಎಡಹುಬ್ಬಿನ ಮೇಲೆ ಅರ್ಧಚಂದ್ರದಂಥ ಗಾಯದ ಗುರುತಿತ್ತು. ಕೇಳಿದ್ದಕ್ಕೆ, ಛೋಟು ಆಗಿದ್ದಾಗ ಸಿಕ್ಕ ಸಂಬಳ ಅಂತ ನಕ್ಕಿದ್ದರು. ಸ್ಪ್ರಿಂಗು ಒತ್ತುವ ಸಾಧನ ಆಗ ಗ್ಯಾರೇಜಿನಲ್ಲಿ ಇರಲಿಲ್ಲವಂತೆ. ದಪ್ಪ ತಂತಿಯಿಂದ ಸುರುಳಿಗಳನ್ನು ಬಿಗಿದು ಕಟ್ಟುವುದು, ಸರಳು ತೂರಿಸಿ ಮೀಟುವುದು, ಇಬ್ಬರು ಬಂಪರ್ ಮೇಲೆ ನಿಲ್ಲುವುದು. ಕೆಲಸ ಆಗುತ್ತಿತ್ತು, ಒಂದು ದಿನ ಆಗಲಿಲ್ಲ. ತಂತಿ ಹಿಡಿದುಕೊಳ್ಳಲು ಹೇಳಿದ್ದು ಹುಡುಗನಿಗೆ, ಯಾಕೆಂದರೆ ಚಿಕ್ಕ ಕೈ ಒಳಗೆ ಹೋಗುತ್ತದೆ.

ಇಲ್ಲೇ ನೋಡಿ ನನಗೆ ಈ ಇತಿಹಾಸ ಚುಚ್ಚುವುದು. ಓಲಿ ಮತ್ತವನ ಗೆಳೆಯರು ತೂಕ ಸರಿಸುತ್ತ ಅಳೆದದ್ದು ಒಳಗೆ ಕೂತವರ ಹಿತವನ್ನು. ಕೆಳಗೆ ಮಲಗುವವನ ಪಾಲಿನ ಅಪಾಯ ರಿಪೇರಿ ಕೈಪಿಡಿಯ ಎಚ್ಚರಿಕೆಯ ಸಾಲುಗಳಿಗೆ ಬಿಟ್ಟದ್ದು. ಕೈಪಿಡಿ ಇಂಗ್ಲಿಷಿನಲ್ಲಿತ್ತು. ಗಾಡಿ ಕುರ್ಲಾದಿಂದ ದೇಶದ ಮೂಲೆಮೂಲೆಗೆ ಹೋಯಿತು, ಕೈಪಿಡಿ ಹೋಗಲಿಲ್ಲ. ಊರು ಬಿಟ್ಟು ಹೊಟ್ಟೆಪಾಡಿಗೆ ಬಂದ ಹುಡುಗ, ಹೋಟೆಲಿಗೆ ಸೇರದಿದ್ದರೆ ಗ್ಯಾರೇಜಿಗೆ ಸೇರಿದವ, ಕಲಿತದ್ದು ಕಣ್ಣಿಂದ ನೋಡಿ. ಗ್ಯಾರೇಜು ಕೆಲಸವನ್ನು ಮಕ್ಕಳಿಗೆ ನಿಷಿದ್ಧವಾದ ಅಪಾಯದ ಉದ್ಯೋಗಗಳ ಪಟ್ಟಿಗೆ, 1986ರ ಬಾಲಕಾರ್ಮಿಕ ಕಾಯಿದೆಯಡಿ, ಸರ್ಕಾರ ಸೇರಿಸಿದ್ದು ಸುಮ್ಮನೆ ಅಲ್ಲ.

ಆಮೇಲೆ ಮಾರುತಿ ಬಂತು. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಹೊರಬಿದ್ದಾಗ ಅದರ ಮುಂದೆ ಇದ್ದದ್ದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕನ್ ಎಂಜಿನಿಯರ್ ರೂಪಿಸಿದ ಈ ಏರ್ಪಾಟನ್ನು ಫೋರ್ಡ್ 1950ರ ತನ್ನ ಬ್ರಿಟಿಷ್ ಕಾರುಗಳಾದ ಕಾನ್ಸಲ್ ಮತ್ತು ಝೆಫರ್‌ಗಳಲ್ಲಿ ಬಳಸಿತ್ತು. ಮೇಲಿನ ತೋಳಿಲ್ಲ. ಶಾಕ್ ಅಬ್ಸಾರ್ಬರಿನ ಸುತ್ತಲೇ ಸ್ಪ್ರಿಂಗು, ಎಲ್ಲ ಒಂದೇ ಕಂಬ. ಇಡೀ ಕಂಬವನ್ನು ಗಾಡಿಯಿಂದ ಬಿಚ್ಚಿ ಮೇಜಿನ ಮೇಲೆ ಇಡಬಹುದು. ಸುಲಭವಾಯಿತಲ್ಲ ಅನ್ನುತ್ತೀರಿ. ಆದರೆ ಆ ಕಂಬದ ನೆತ್ತಿಯಲ್ಲಿ ಒಂದು ನಟ್ ಇದೆ. ಸ್ಪ್ರಿಂಗನ್ನು ಒತ್ತಿ ಹಿಡಿಯದೆ ಅದೊಂದನ್ನು ಬಿಚ್ಚಿದರೆ ಹಳೆಯ ಫಿಯಟ್ಟಿನ ಕತೆಯೇ, ಈ ಸಲ ನೇರ ಮುಖದೆತ್ತರದಲ್ಲಿ.

ಹಾಗಾದರೆ ಸರಿಯಾದ ಕ್ರಮ ಯಾವುದು? ಇಷ್ಟು ವರ್ಷಗಳಲ್ಲಿ ಗಾಯಗಳಿಂದ ಗಟ್ಟಿಯಾದ ಕೆಲವು ನಿಯಮಗಳಿವೆ. ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ ಇಡಬೇಕು. ಎತ್ತುವುದಕ್ಕೆ ಜ್ಯಾಕ್, ನಿಲ್ಲಿಸುವುದಕ್ಕೆ ಸ್ಟ್ಯಾಂಡ್. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬಾರದು. ವಿಷ್‌ಬೋನ್ ಗಾಡಿಯಾದರೆ ಜಾಯಿಂಟ್ ಮುಟ್ಟುವ ಮೊದಲೇ ಕೆಳತೋಳಿನ ಅಡಿಗೆ ಇನ್ನೊಂದು ಜ್ಯಾಕ್ ಕೊಟ್ಟು, ಬಿಚ್ಚಿದ ಮೇಲೆ ಇಂಚಿಂಚಾಗಿ ಇಳಿಸಬೇಕು. ಕೂರಿಸುವಾಗ ಅದೇ ಜ್ಯಾಕಿನಿಂದ ತೋಳನ್ನು ಎತ್ತಿದರೆ ಗಾಡಿಯೇ ಸ್ಟ್ಯಾಂಡ್ ಬಿಟ್ಟು ಏಳಬಹುದು, ಅದರ ಮೇಲೆ ಕಣ್ಣಿರಬೇಕು. ಸ್ಪ್ರಿಂಗು ಹಾರದಂತೆ ಸರಪಳಿ ಹಾಕಿ ಚಾಸಿಸ್‌ಗೆ ಕಟ್ಟಬೇಕು.

ಸ್ಪ್ರಿಂಗ್ ಕಂಪ್ರೆಸರ್ ಬಳಸುವಾಗ ಅದರ ಎರಡು ಕೊಕ್ಕೆಗಳೂ ಎದುರುಬದುರು ಇರಬೇಕು, ಒಂದಷ್ಟು ಇದನ್ನು, ಒಂದಷ್ಟು ಅದನ್ನು, ಹೀಗೆ ಸರದಿಯಲ್ಲಿ ತಿರುಗಿಸಬೇಕು. ಒಂದೇ ಕಡೆ ಬಿಗಿದರೆ ಸ್ಪ್ರಿಂಗು ಬಾಳೆಹಣ್ಣಿನಂತೆ ಬಾಗಿ ಜಾರುತ್ತದೆ. ಗಾಳಿಯ ಗನ್ ಹಚ್ಚಬಾರದು, ಕೈಯಲ್ಲೇ ತಿರುಗಿಸಬೇಕು. ಸ್ಪ್ರಿಂಗು ತನ್ನ ಸೀಟಿನಲ್ಲಿ ಕೈಗೆ ಅಲುಗುವಷ್ಟು ಸಡಿಲವಾದ ಮೇಲೆಯೇ ಮೇಲಿನ ನಟ್. ಒತ್ತಿದ ಸ್ಪ್ರಿಂಗಿನ ನೇರಕ್ಕೆ, ಅಂದರೆ ಅದರ ಎರಡು ತುದಿಗಳ ಕಡೆಗೆ, ಮುಖವನ್ನಾಗಲಿ ಇನ್ನೊಬ್ಬರನ್ನಾಗಲಿ ನಿಲ್ಲಿಸಬಾರದು. ಹೊಸದನ್ನು ಇಡುವಾಗ ಸುರುಳಿಯ ತುದಿ ಸೀಟಿನ ಗುಳಿಗೆ ಸರಿಯಾಗಿ ತಾಗಿರಬೇಕು, ರಬ್ಬರು ಬಿಲ್ಲೆ ಮರೆಯಬಾರದು. ಸಡಿಲಿಸುವುದೂ ಸರದಿಯಲ್ಲೇ. ಎಡಬಲ ಎರಡನ್ನೂ ಜೊತೆಯಲ್ಲಿ ಬದಲಿಸಬೇಕು. ರಬ್ಬರು ಬುಷ್ ಇರುವ ಬೋಲ್ಟುಗಳ ಕೊನೆಯ ಬಿಗಿ, ಗಾಡಿ ತನ್ನ ಚಕ್ರದ ಮೇಲೆ ನಿಂತ ನಂತರ. ಆಮೇಲೆ ಅಲೈನ್‌ಮೆಂಟ್.

ಸ್ಪ್ರಿಂಗಿನ ಮೈಮೇಲಿನ ಬಣ್ಣ ಗೀರದಂತೆಯೂ ನೋಡಬೇಕು. ಕಾರ್ಖಾನೆಯಲ್ಲಿ ಸಣ್ಣ ಉಕ್ಕಿನ ಕಾಳುಗಳನ್ನು ಜೋರಾಗಿ ಎರಚಿ ಅದರ ಮೈಯನ್ನು ಗಟ್ಟಿ ಮಾಡಿರುತ್ತಾರೆ. ಕೊಕ್ಕೆ ಕಚ್ಚಿದ ಜಾಗದಲ್ಲಿ ಮುಂಬಯಿ ಮಳೆಯ ನೀರು ಸೇರಿದರೆ ತುಕ್ಕು, ತುಕ್ಕಿನಿಂದ ಬಿರುಕು, ಒಂದು ದಿನ ಸುರುಳಿಯೇ ಮುರಿಯುತ್ತದೆ.

ಇದನ್ನು ಓದಿ ನೀವೇ ಸ್ಪ್ರಿಂಗು ಬದಲಿಸಲು ಹೊರಡಿ ಎಂದು ನನ್ನ ಸಲಹೆಯಲ್ಲ, ನಿಮ್ಮ ಗಾಡಿಯ ಕೈಪಿಡಿಯ ಮಾತೇ ಕೊನೆಯ ಮಾತು. ಆದರೆ ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಒಂದು ಕೆಲಸ ಮಾಡಬಹುದು. ಬಿಲ್ಲಿನಲ್ಲಿ ನೂರು ರೂಪಾಯಿ ಚೌಕಾಶಿ ಮಾಡುವ ಮೊದಲು, ಕಂಪ್ರೆಸರ್ ಇದೆಯೇ ಎಂದು ಕೇಳಿ. ಇಲ್ಲ, ಹಾಗೇ ಮಾಡುತ್ತೇವೆ ಎಂದರೆ ಗಾಡಿ ತಿರುಗಿಸಿ. ತಂತಿ ಹಿಡಿಯಲು ಹುಡುಗನೊಬ್ಬ ಬಂದರಂತೂ ಬೇಡವೇ ಬೇಡ. ಪದ್ಮಿನಿ ಹೋಯಿತು, ಅದರ ಸ್ಪ್ರಿಂಗು ಗುಜರಿ ಸೇರಿತು. ಹುಕ್ಕನ ನಿಯಮ ಮಾತ್ರ ಯಾವ ಗಾಡಿಗೂ ಬದಲಾಗಿಲ್ಲ. ನಿಮ್ಮೂರಿನ, ನಿಮ್ಮ ನಗರದ ಮೇಸ್ತ್ರಿಗಳ ಹತ್ತಿರವೂ ಇಂಥ ಕತೆ ಇದ್ದೇ ಇರುತ್ತದೆ. ಕೇಳಿ ನೋಡಿ.