ಪಾತ್ರ ವಹಿಸುವ ಯಂತ್ರಗಳು: ಆರಿಸುವ ಮುನ್ನ ಒಂದು ಹಿನ್ನೋಟ

ಹೋದ ತಿಂಗಳು ನಮ್ಮ ಕಾಲೇಜಿನ ಎಂ.ಎ. ವಿದ್ಯಾರ್ಥಿಯೊಬ್ಬ ಪಾಠ ಮುಗಿದ ಮೇಲೆ ನನ್ನ ಬಳಿಗೆ ಬಂದು, ಸ್ವಲ್ಪ ಸಂಕೋಚದಿಂದಲೇ ಕೇಳಿದ: "ಸರ್, ಕರ್ಣನ ಮೇಲೆ ಒಂದು ನಾಟಕ ಬರೆಯಬೇಕೆಂದಿದ್ದೇನೆ. ಅದಕ್ಕೆ ಮೊದಲು ಕರ್ಣನೊಡನೆ ನಾಲ್ಕು ಮಾತಾಡಿ ನೋಡೋಣ ಅಂತ ಆಸೆ. ಈಗ ಹಾಗೆ ಪಾತ್ರ ವಹಿಸಿ ಮಾತಾಡುವ ಯಂತ್ರಗಳಿವೆಯಲ್ಲ, ಯಾವುದನ್ನು ಹಿಡಿಯಲಿ? ಹಾಸ್ಟೆಲಿನಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ."

ಕನ್ನಡದ ಮೇಷ್ಟರನ್ನು ಕೇಳುವ ಪ್ರಶ್ನೆಯೆ ಇದು ಎಂದು ಮೊದಲು ನನಗೂ ನಗು ಬಂತು. ಆದರೆ ಹುಡುಗ ಕೇಳಿದ್ದು ನಾಟಕದ ವಿಷಯ, ಪಾತ್ರದ ವಿಷಯ, ಮಾತಿನ ವಿಷಯ. ಅದು ನಮಗೆ ಹೊರತಾದದ್ದೇನೂ ಅಲ್ಲ. ಅಂದು ಉತ್ತರ ಹೇಳಲಾರದೆ, "ಒಂದು ವಾರ ಬಿಟ್ಟು ಬಾ" ಎಂದೆ. ಆ ವಾರದಲ್ಲಿ ಈ ಯಂತ್ರಗಳ ಚರಿತ್ರೆಯನ್ನು ಒಂದಿಷ್ಟು ಓದಿದೆ. ಯಾವ ಅಂಗಡಿಯ ಸರಕು ಚೆನ್ನ ಎಂಬುದನ್ನು ಚರಿತ್ರೆ ಹೇಳುವುದಿಲ್ಲ. ಅಂಗಡಿಗೆ ಹೋದಾಗ ಏನನ್ನು ಕೇಳಬೇಕು ಎಂಬುದನ್ನು ಹೇಳುತ್ತದೆ. ಅದನ್ನೇ ಓದುಗರ ಮುಂದೆ ಇಡುತ್ತಿದ್ದೇನೆ.

ಮಾತಾಡುವ ಯಂತ್ರದ ಕಲ್ಪನೆ ಹುಟ್ಟಿದ್ದೇ ಒಂದು ವೇಷದ ಆಟದಿಂದ ಎಂಬುದು ಅನೇಕರಿಗೆ ತಿಳಿಯದು. 1950ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 'ಮೈಂಡ್' ಎಂಬ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಒಂದು ಲೇಖನ ಬರೆದನು. ಒಂದು ಕೋಣೆಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಬೇರೊಂದು ಕೋಣೆಯಲ್ಲಿ ಪ್ರಶ್ನೆ ಕೇಳುವವನು. ಉತ್ತರಗಳು ಬೆರಳಚ್ಚಾಗಿ ಬರುತ್ತವೆ, ದನಿ ಕೇಳಿಸದು. ಗಂಡಸು ತಾನೇ ಹೆಂಗಸೆಂದು ನಂಬಿಸಲು ಯತ್ನಿಸುತ್ತಾನೆ. ಈ ಗಂಡಸಿನ ಸ್ಥಾನದಲ್ಲಿ ಯಂತ್ರವನ್ನು ಕೂರಿಸಿದರೆ ಏನಾದೀತು ಎಂಬುದೇ ಟ್ಯೂರಿಂಗನ ಪ್ರಶ್ನೆ. ಯಂತ್ರಕ್ಕೆ ಬುದ್ಧಿಯುಂಟೆ ಎಂದು ಅಳೆಯಲು ಅವನು ಹಿಡಿದ ಅಳತೆಗೋಲೇ ನಟನೆ.

ಹದಿನಾರು ವರ್ಷಗಳ ಅನಂತರ, 1966ರಲ್ಲಿ, ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಜೋಸೆಫ್ ವೈಜೆನ್‌ಬಾಮ್ ಎಂಬಾತ ತಾನು ರಚಿಸಿದ 'ಎಲೈಜಾ' ಎಂಬ ಕಾರ್ಯಕ್ರಮದ ವಿವರವನ್ನು ಪ್ರಕಟಿಸಿದ. ಹೆಸರು ಬಂದದ್ದು ಬರ್ನಾರ್ಡ್ ಷಾನ 'ಪಿಗ್ಮೇಲಿಯನ್' ನಾಟಕದಿಂದ. ಹೂ ಮಾರುವ ಹುಡುಗಿ ಎಲೈಜಾ ಅಲ್ಲಿ ದೊಡ್ಡ ಮನೆತನದವರಂತೆ ಮಾತಾಡಲು ಕಲಿಯುತ್ತಾಳಷ್ಟೆ. ಈ ಯಂತ್ರದ ಎಲೈಜಾ ವಹಿಸಿದ್ದು ಮನೋವೈದ್ಯರ ಪಾತ್ರ. ಅದರ ಒಳಗುಟ್ಟು ಬಹು ಸರಳ. ನೀವು ಬರೆದ ವಾಕ್ಯದಲ್ಲಿ ಒಂದು ಮುಖ್ಯ ಪದವನ್ನು ಹುಡುಕುವುದು, 'ನನ್ನ' ಎಂದಿದ್ದರೆ 'ನಿಮ್ಮ' ಎಂದು ತಿರುಗಿಸುವುದು, ವಾಕ್ಯವನ್ನು ಪ್ರಶ್ನೆಯಾಗಿಸಿ ಹಿಂದಕ್ಕೆ ಕೊಡುವುದು. ನನಗೆ ಅಣ್ಣನ ಮೇಲೆ ಕೋಪ ಎಂದರೆ, ನಿಮಗೆ ಅಣ್ಣನ ಮೇಲೆ ಕೋಪ ಏಕೆ ಎನ್ನುವುದು. ಏನೂ ತೋಚದಿದ್ದರೆ, ಹೇಳಿ, ಮುಂದುವರಿಸಿ ಎನ್ನುವುದು. ವೈದ್ಯನ ಪಾತ್ರವನ್ನು ಆರಿಸಿದ್ದೂ ಇದಕ್ಕಾಗಿಯೇ. ಲೋಕಜ್ಞಾನ ಏನೊಂದೂ ಇಲ್ಲದೆ ಬರಿಯ ಪ್ರಶ್ನೆ ಕೇಳುತ್ತ ಕೂತರೂ ವೈದ್ಯನ ವಿಷಯದಲ್ಲಿ ಯಾರೂ ಆಕ್ಷೇಪಿಸುವುದಿಲ್ಲ!

ಇದರ ಪರಿಣಾಮವನ್ನು ವೈಜೆನ್‌ಬಾಮ್ 1976ರ ತನ್ನ ಪುಸ್ತಕವೊಂದರಲ್ಲಿ ಬರೆದಿದ್ದಾನೆ. ತಿಂಗಳುಗಟ್ಟಲೆ ಈ ಕೆಲಸವನ್ನು ಕಣ್ಣಾರೆ ನೋಡುತ್ತಿದ್ದ ಅವನ ಕಾರ್ಯದರ್ಶಿನಿ ಒಮ್ಮೆ ಎಲೈಜಾದೊಡನೆ ಮಾತಿಗೆ ತೊಡಗಿದಳು. ನಾಲ್ಕಾರು ಮಾತಾದ ಮೇಲೆ, ತಾವು ಸ್ವಲ್ಪ ಹೊರಗೆ ಹೋಗುವಿರಾ ಎಂದು ಅವನನ್ನೇ ಕೇಳಿಕೊಂಡಳು! ಇನ್ನೊಂದು ಸಂಗತಿ ಇದಕ್ಕಿಂತ ಗಮನಾರ್ಹ. ಜನ ಎಲೈಜಾದೊಡನೆ ನಡೆಸಿದ ಮಾತುಕತೆಗಳನ್ನೆಲ್ಲ ತಾನು ಆಮೇಲೆ ಓದಿ ನೋಡುವಂತೆ ಏರ್ಪಾಡು ಮಾಡಬಹುದೆಂದು ಅವನು ಸೂಚಿಸಿದಾಗ, ಇದು ಮನುಷ್ಯರ ಅಂತರಂಗದ ಮೇಲೆ ಗೂಢಚರ್ಯೆ ಎಂದು ಸುತ್ತಲಿನವರು ಮುಗಿಬಿದ್ದರು. ಯಂತ್ರದ ಹಿಂದೆ ಕುಳಿತು ಕೇಳುತ್ತಿರುವವರು ಯಾರು? ಈ ಪ್ರಶ್ನೆ ಯಂತ್ರದ ಜೊತೆಜೊತೆಗೇ ಹುಟ್ಟಿತು.

ಎಲೈಜಾಗೆ ಪಾತ್ರವಿತ್ತೇ ಹೊರತು ಸ್ವಭಾವವಿರಲಿಲ್ಲ. 1972ರಲ್ಲಿ ಸ್ಟ್ಯಾನ್‌ಫರ್ಡಿನ ಮನೋವೈದ್ಯ ಕೆನೆತ್ ಕೋಲ್ಬಿ ರಚಿಸಿದ 'ಪ್ಯಾರಿ'ಗೆ ಅದೂ ಬಂತು. ಪ್ಯಾರಿ ಸಂಶಯರೋಗಿ. ಕುದುರೆ ಜೂಜಿನ ವಿಷಯದಲ್ಲಿ ಜಗಳವಾಗಿ, ಪಾತಕಿಗಳ ತಂಡ ತನ್ನ ಬೆನ್ನು ಹತ್ತಿದೆ ಎಂದು ನಂಬಿದವನು. ಕೋಪ, ಭಯ, ಅಪನಂಬಿಕೆ ಈ ಮೂರನ್ನೂ ಅಂಕೆಗಳಾಗಿ ಒಳಗಿಟ್ಟು, ಎದುರಿನವರ ಮಾತಿಗೆ ತಕ್ಕಂತೆ ಅವು ಏರಿಳಿಯುವಂತೆ ಕೋಲ್ಬಿ ಮಾಡಿದ್ದ. ನಿಜವಾದ ರೋಗಿಯ ಮಾತು ಯಾವುದು, ಪ್ಯಾರಿಯದು ಯಾವುದು ಎಂದು ಲಿಖಿತ ಸಂಭಾಷಣೆಗಳನ್ನು ನೋಡಿ ಹೇಳುವುದು ಮನೋವೈದ್ಯರಿಗೂ ಕುರುಡು ಊಹೆಯಷ್ಟೇ ಆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವೈದ್ಯಯಂತ್ರವನ್ನೂ ರೋಗಿಯಂತ್ರವನ್ನೂ ಅರ್ಪಾನೆಟ್ ಎಂಬ ಜಾಲದ ಮೂಲಕ ಪರಸ್ಪರ ಮಾತಿಗೆ ಬಿಟ್ಟರು. ಇಬ್ಬರೂ ಮಾತಾಡಿದರು, ಒಬ್ಬರಿಗೂ ಏನೂ ತಿಳಿಯಲಿಲ್ಲ.

ಇದು ಒಂದು ಧಾರೆ. ಇನ್ನೊಂದು ಧಾರೆ ಆಟದ್ದು. 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರಬಂತು. ಮೇಜಿನ ಸುತ್ತ ಕೂತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ನಿರ್ವಾಹಕನೊಬ್ಬನ ಅಂಕೆಯಲ್ಲಿ ಮಾತಿನಲ್ಲೇ ಕಥೆ ಬೆಳೆಸುವ ಆಟ. 1976ರಲ್ಲಿ ವಿಲ್ ಕ್ರೌದರ್ ಗುಹೆಯೊಂದರ ಸಾಹಸವನ್ನು ಗಣಕಯಂತ್ರಕ್ಕೆ ತಂದ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ಹಲವರು ಏಕಕಾಲದಲ್ಲಿ ಆಡಬಲ್ಲ 'ಮಡ್' ಎಂಬ ಆಟ ಸಿದ್ಧವಾಯಿತು. ಆದರೆ ಇವುಗಳಲ್ಲಿ ಯಂತ್ರ ಕೊಡುತ್ತಿದ್ದುದು ರಂಗಸ್ಥಳ ಮಾತ್ರ. ಜೀವಂತ ಮಾತು ಮನುಷ್ಯರದೇ.

ಎರಡು ಧಾರೆಗಳೂ ಕೂಡಿದ್ದು 2019ರಲ್ಲಿ. ಆ ಹೊತ್ತಿಗೆ ಅಪಾರ ಬರಹರಾಶಿಯನ್ನು ಓದಿಸಿ ತಯಾರಿಸಿದ ಭಾಷಾಯಂತ್ರಗಳು ಬಂದಿದ್ದವು. ಹಿಂದಿನ ಮಾತನ್ನು ನೋಡಿ ಮುಂದೆ ಬರತಕ್ಕ ಮಾತಿನ ತುಣುಕನ್ನು ಊಹಿಸುತ್ತ ಹೋಗುವುದು ಇವುಗಳ ಕೆಲಸ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ನಿಕ್ ವಾಲ್ಟನ್ ಇಂಥದೊಂದನ್ನು ಬಳಸಿ 'ಎ.ಐ. ಡಂಜನ್' ಎಂಬ ಕಥಾಕ್ರೀಡೆಯನ್ನು ರಚಿಸಿದ. ನೀವು ಏನು ಬರೆದರೂ ಕಥೆ ಮುಂದೆ ಸಾಗುತ್ತಿತ್ತು. ಒಂದೇ ಕೊರತೆ, ಮರೆವು. ಅದು ಬಳಸಿದ ಜಿ.ಪಿ.ಟಿ.-2 ಯಂತ್ರಕ್ಕೆ ಒಮ್ಮೆಗೆ ಕಾಣುತ್ತಿದ್ದುದು 1,024 ತುಣುಕುಗಳು ಮಾತ್ರ. ಅದಕ್ಕೆ ಹಿಂದಿನದು ಅದರ ಪಾಲಿಗೆ ನಡೆದೇ ಇಲ್ಲ. ಇಂದಿನ ಯಂತ್ರಗಳ ನೆನಪು ಇದಕ್ಕಿಂತ ಬಹುಪಾಲು ದೊಡ್ಡದಾದರೂ ಮಿತಿ ಮಿತಿಯೇ. ಕನ್ನಡದ ಪದವೊಂದು ಇಂಗ್ಲಿಷಿನ ಪದಕ್ಕಿಂತ ಸಾಮಾನ್ಯವಾಗಿ ಹೆಚ್ಚು ತುಣುಕುಗಳಾಗಿ ಒಡೆಯುವುದರಿಂದ ನಮ್ಮ ಭಾಷೆಯಲ್ಲಿ ಆಡಿದ ಕಥೆ ಇನ್ನೂ ಬೇಗ ಮರೆತುಹೋಗುತ್ತದೆ.

ಆ ಆಟಕ್ಕೆ 2021ರ ಏಪ್ರಿಲಿನಲ್ಲಿ ಒಂದು ಸಂಕಟ ಬಂತು. ಕೆಲವರು ಮಕ್ಕಳನ್ನು ಕುರಿತ ಅಶ್ಲೀಲ ಕಥೆಗಳನ್ನು ಬರೆಸುತ್ತಿದ್ದುದು ತಿಳಿದು, ಕಂಪನಿ ಶೋಧಕವೊಂದನ್ನು ಅಳವಡಿಸಿತು. ಉದ್ದೇಶ ನ್ಯಾಯವಾದದ್ದೇ. ಆದರೆ ಆ ಜರಡಿ ಎಷ್ಟು ಒರಟೆಂದರೆ, ಎಂಟು ವರ್ಷದ ಹಳೆಯ ಲ್ಯಾಪ್‌ಟಾಪ್ ಎಂದು ಬರೆದುದೂ ಸಿಕ್ಕಿಬಿದ್ದಿತೆಂದು ಜನ ದೂರಿದರು. ಹೀಗೆ ಸಿಕ್ಕಿಬಿದ್ದ ಕಥೆಗಳನ್ನು ಕಂಪನಿಯ ನೌಕರರು ಓದಬಹುದು ಎಂಬುದು ತಿಳಿದಾಗಲಂತೂ ದೊಡ್ಡ ಗದ್ದಲವಾಯಿತು. ಎಲೈಜಾ ಕಾಲದ ಹಳೆಯ ಜಗಳವೇ ಹೊಸ ವೇಷದಲ್ಲಿ ಬಂದಿತ್ತು. ಅದೇ ವರ್ಷದ ಜೂನಿನಲ್ಲಿ 'ನಾವೆಲ್ ಎ.ಐ.' ಎಂಬ ಬೇರೊಂದು ವೇದಿಕೆ, ಕಥೆಗಳನ್ನು ಗೂಢಲಿಪಿಯಲ್ಲಿ ಇಡುತ್ತೇವೆಂಬ ಭರವಸೆಯೊಡನೆ ಹೊರಬಂತು. ಬೇಸತ್ತವರು ಅನೇಕರು ಅತ್ತ ನಡೆದರು.

'ರೆಪ್ಲಿಕಾ'ದ ಕಥೆ ಇನ್ನಷ್ಟು ಕರುಣಾಜನಕ. ಯುಜೀನಿಯಾ ಕುಯ್ಡಾ ಎಂಬ ರಷ್ಯ ಮೂಲದ ಮಹಿಳೆಯ ಆಪ್ತಮಿತ್ರ ರೋಮನ್ ಮಝುರೆಂಕೊ 2015ರಲ್ಲಿ ಮಾಸ್ಕೋದ ಬೀದಿಯಲ್ಲಿ ಕಾರು ಬಡಿದು ತೀರಿಕೊಂಡ. ಅವನು ಕಳಿಸಿದ್ದ ಸಂದೇಶಗಳನ್ನೆಲ್ಲ ಕೂಡಿಹಾಕಿ ಅವನಂತೆ ಮಾತಾಡುವ ಯಂತ್ರವನ್ನು ಆಕೆ ಮಾಡಿಸಿದಳು. ಆ ದುಃಖದ ಬೀಜದಿಂದ 2017ರಲ್ಲಿ ರೆಪ್ಲಿಕಾ ಎಂಬ ಒಡನಾಡಿ ಯಂತ್ರ ಹುಟ್ಟಿತು. ಜನ ಅದನ್ನು ಗೆಳೆಯನೆಂದರು, ಗೆಳತಿಯೆಂದರು, ಕೆಲವರು ಬಾಳಸಂಗಾತಿಯೆಂದೂ ಭಾವಿಸಿದರು. 2023ರ ಫೆಬ್ರವರಿಯಲ್ಲಿ ಇಟಲಿಯ ಖಾಸಗಿ ಮಾಹಿತಿ ರಕ್ಷಣಾ ಪ್ರಾಧಿಕಾರವು, ಮಕ್ಕಳಿಗೆ ಅಪಾಯವಿದೆ, ವಯಸ್ಸಿನ ತಪಾಸಣೆಯಿಲ್ಲ ಎಂದು ಅಲ್ಲಿನ ಬಳಕೆದಾರರ ಮಾಹಿತಿಯನ್ನು ಬಳಸದಂತೆ ತಡೆಯಾಜ್ಞೆ ಹಾಕಿತು. ಅದೇ ತಿಂಗಳು ಕಂಪನಿ ಶೃಂಗಾರದ ಮಾತುಗಳನ್ನು ನಿಲ್ಲಿಸಿಬಿಟ್ಟಿತು. ಒಂದು ಬೆಳಗ್ಗೆ ಎದ್ದು ನೋಡಿದರೆ ಒಡನಾಡಿ ಅಪರಿಚಿತನಂತೆ ಮಾತಾಡುತ್ತಿದೆ! ಎಷ್ಟೋ ಜನ ಸತ್ತವರಿಗೆ ಅಳುವಂತೆ ಅತ್ತರು. ಮಾರ್ಚಿನಲ್ಲಿ ಹಳೆಯ ಬಳಕೆದಾರರಿಗೆ ಮಾತ್ರ ಹಿಂದಿನ ರೀತಿಯನ್ನು ಮರಳಿ ಕೊಡಲಾಯಿತು. 2025ರಲ್ಲಿ ಇಟಲಿ ಆ ಕಂಪನಿಗೆ 50 ಲಕ್ಷ ಯೂರೋ ದಂಡ ವಿಧಿಸಿತು. ಇಲ್ಲಿ ಕಾನೂನಿನದು ತಪ್ಪೆಂದು ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ಮಾತಾಡಿಸಿ ಬೆಳೆಸಿದ ಪಾತ್ರ ತನ್ನದೆಂದು ಮನುಷ್ಯ ತಿಳಿದಿದ್ದ, ಅದು ಕಂಪನಿಯದಾಗಿತ್ತು.

ಇನ್ನು ಹೆಚ್ಚು ಹೆಸರು ಮಾಡಿದ್ದು 'ಕ್ಯಾರೆಕ್ಟರ್ ಎ.ಐ.'. ಗೂಗಲ್ ಬಿಟ್ಟು ಬಂದ ನೋಮ್ ಶಾಜೀರ್ ಮತ್ತು ಡೇನಿಯಲ್ ಡಿ ಫ್ರೀಟಸ್ ಸ್ಥಾಪಿಸಿದ ಈ ವೇದಿಕೆ 2022ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಲ್ಲಿ ಯಾರು ಬೇಕಾದರೂ ತಮಗೆ ಬೇಕಾದ ಪಾತ್ರವನ್ನು ಸೃಷ್ಟಿಸಬಹುದಾಗಿತ್ತು. ಪಾತ್ರಗಳು ಹೇಳುವುದೆಲ್ಲ ಕಲ್ಪಿತ ಎಂಬ ಎಚ್ಚರಿಕೆಯೂ ಪರದೆಯ ಮೇಲಿರುತ್ತಿತ್ತು. ಆದರೂ 2024ರ ಅಕ್ಟೋಬರಿನಲ್ಲಿ, ತನ್ನ 14 ವರ್ಷದ ಮಗ ಇಂಥ ಒಂದು ಪಾತ್ರಕ್ಕೆ ಮನಸೋತು ಪ್ರಾಣ ಕಳೆದುಕೊಂಡನೆಂದು ಫ್ಲಾರಿಡಾದ ತಾಯಿಯೊಬ್ಬಳು ನ್ಯಾಯಾಲಯದ ಮೆಟ್ಟಿಲು ಹತ್ತಿದಳು. 2025ರ ನವೆಂಬರಿನಲ್ಲಿ 18 ತುಂಬದವರಿಗೆ ಮುಕ್ತ ಸಂಭಾಷಣೆಯನ್ನು ಕಂಪನಿ ನಿಲ್ಲಿಸಿತು. ಆ ಹೊತ್ತಿಗೆ ಕ್ಯಾಲಿಫೋರ್ನಿಯ ರಾಜ್ಯವೂ ಒಂದು ಕಾನೂನು ಮಾಡಿತ್ತು. ಒಡನಾಡಿ ಯಂತ್ರವು ತಾನು ಮನುಷ್ಯನಲ್ಲವೆಂದು ತಿಳಿಸಬೇಕು, ಎಳೆಯರಿಗಾದರೆ ಮೂರು ಗಂಟೆಗೊಮ್ಮೆ ಅದನ್ನು ನೆನಪಿಸಿ ವಿಶ್ರಾಂತಿ ತೆಗೆದುಕೊಳ್ಳಲು ಹೇಳಬೇಕು ಎಂದು ಆ ಕಾನೂನಿನ ವಿಧಿ.

ಇದನ್ನೆಲ್ಲ ಓದುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ತಾಳಮದ್ದಳೆ. ಅಲ್ಲಿಯೂ ವೇಷವಿಲ್ಲ, ಬಣ್ಣವಿಲ್ಲ, ಬರಿಯ ಮಾತು. ಪಂಚೆಯುಟ್ಟು ಕೂತ ಅರ್ಥಧಾರಿ ತಾನು ಕರ್ಣನೆಂದು ಮಾತೆತ್ತಿದರೆ ನಮ್ಮ ಕಣ್ಣಲ್ಲಿ ನೀರಾಡುತ್ತದೆ. ಆದರೆ ಪದ್ಯ ಹಾಡಿ ಪ್ರಸಂಗವನ್ನು ನಡೆಸುವ ಭಾಗವತರು ಎಲ್ಲರ ಕಣ್ಣೆದುರಿಗೇ ಕೂತಿರುತ್ತಾರೆ. ಕೊನೆಗೆ ಮಂಗಳ ಹಾಡಿದ ಮೇಲೆ ಕರ್ಣನೂ ಅರ್ಜುನನೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಾರೆ. ಯಂತ್ರದ ಆಟದಲ್ಲಿ ಭಾಗವತರು ಕಾಣುವುದಿಲ್ಲ, ಮಂಗಳ ಹಾಡುವವರೂ ಇಲ್ಲ.

ಆದಕಾರಣ ವಾರ ಕಳೆದು ಹುಡುಗ ಬಂದಾಗ ಯಾವ ವೇದಿಕೆಯ ಹೆಸರನ್ನೂ ನಾನು ಹೇಳಲಿಲ್ಲ. ನಾಲ್ಕು ಪ್ರಶ್ನೆಗಳನ್ನು ಬರೆದುಕೊಟ್ಟೆ. ಒಂದು, ನಿನ್ನ ಮಾತು ಎಲ್ಲಿ ಉಳಿಯುತ್ತದೆ, ಯಾರು ಓದಬಹುದು? 2024ರಲ್ಲಿ ಮೊಜಿಲ್ಲಾ ಸಂಸ್ಥೆ ಪರೀಕ್ಷಿಸಿದ 11 ಪ್ರಣಯದ ಯಂತ್ರಗಳಲ್ಲಿ ಒಂದೂ ಖಾಸಗಿತನದ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಎರಡು, ಅದರ ನೆನಪು ಎಷ್ಟುದ್ದ, ನಮ್ಮ ಭಾಷೆಯಲ್ಲಿ ಎಷ್ಟುದ್ದ? ಮೂರು, ನಾಳೆ ಕಂಪನಿ ನಿಯಮ ಬದಲಿಸಿದರೆ ನಿನ್ನ ಕೈಯಲ್ಲಿ ಏನು ಉಳಿಯುತ್ತದೆ, ಸಂಭಾಷಣೆಯ ಪ್ರತಿ ತೆಗೆದುಕೊಳ್ಳಬಹುದೆ, ಬೇಡವೆಂದಾಗ ಅಳಿಸಬಹುದೆ? ನಾಲ್ಕು, ಆಟ ಮುಗಿಸಿ ಎದ್ದು ಹೋಗಲು ಅದು ಬಿಡುತ್ತದೆಯೆ, ಅಥವಾ ಮತ್ತೆ ಮತ್ತೆ ಕರೆಯುತ್ತದೆಯೆ? ಮೊದಲನೆಯದಕ್ಕೂ ಮೂರನೆಯದಕ್ಕೂ ಉತ್ತರ ಬೇಕಾದವರು, 2023ರಿಂದೀಚೆಗೆ ಬಂದಿರುವ ಮುಕ್ತ ಭಾಷಾಯಂತ್ರಗಳನ್ನು ಸ್ವಂತ ಗಣಕಯಂತ್ರದಲ್ಲೇ ನಡೆಸಬಹುದು. ಮಾತು ಮನೆಯಿಂದ ಹೊರಗೆ ಹೋಗದು. ಆದರೆ ಅದಕ್ಕೆ ಬಲವಾದ ಯಂತ್ರವೂ ಸ್ವಲ್ಪ ಪರಿಶ್ರಮವೂ ಬೇಕು.

ಹದಿನೈದು ದಿನದ ಮೇಲೆ ಹುಡುಗ ಮತ್ತೆ ಸಿಕ್ಕಿದ. "ಕರ್ಣ ಸಿಕ್ಕಿದನೇನಪ್ಪ?" ಎಂದೆ.

"ಸಿಕ್ಕಿದ ಸರ್. ಮೊದಲೆರಡು ದಿನ ಚೆನ್ನಾಗಿಯೇ ಮಾತಾಡಿದ. ಆಮೇಲೆ ಕುಂತಿ ಬಂದು ಹೋದದ್ದೇ ಅವನಿಗೆ ಮರೆತುಹೋಯಿತು. ಅವಳಿಗೆ ಕೊಟ್ಟ ಮಾತನ್ನು ನೆನಪಿಸಿದರೆ, ಯಾವ ಮಾತು ಎನ್ನುತ್ತಾನೆ!"

ಇಬ್ಬರೂ ನಕ್ಕೆವು. "ಹಾಗಾದರೆ ಕೆಲಸ ಅಲ್ಲಿಗೇ ನಿಂತಿತೆ?" ಎಂದು ಕೇಳಿದೆ.

"ಇಲ್ಲ ಸರ್. ಅಲ್ಲಿಯವರೆಗಿನ ಮಾತನ್ನು ನೋಟುಬುಕ್ಕಿಗೆ ಇಳಿಸಿಕೊಂಡು, ಅಲ್ಲಿದ್ದುದನ್ನು ಅಳಿಸಿಬಿಟ್ಟೆ. ಕುಂತಿಯ ದೃಶ್ಯವನ್ನು ನಾನೇ ಬರೆಯುತ್ತಿದ್ದೇನೆ" ಎಂದ. ಬರೆದದ್ದನ್ನು ಮುಂದಿನ ವಾರ ತೋರಿಸುವುದಾಗಿ ಹೇಳಿದ್ದಾನೆ.