ರತ್ಲಾಮಿನ ಚರಂಡಿ

ನಾವು ಈ ಫ್ಲ್ಯಾಟ್ ನೋಡಲು ಬಂದದ್ದು ಆಗಸ್ಟಿನಲ್ಲಿ. ಹಿಂದುಗಡೆ ನೀರು ಹರಿಯುತ್ತಿತ್ತು. ಮಲೆನಾಡಿನವಳಾದ ನನಗೆ ಅದು ಹಳ್ಳ ಅನ್ನಿಸಿ ಖುಷಿಯಾಗಿತ್ತು. ಫೆಬ್ರವರಿಗೆ ಗೊತ್ತಾಯಿತು, ಅದು ನಾಲಾ. ಕಿಟಕಿ ತೆರೆಯುವಂತಿಲ್ಲ, ಸಂಜೆಯಾದರೆ ಸೊಳ್ಳೆ. ಮಗಳಿಗೆ ಒಂದೇ ವರ್ಷದಲ್ಲಿ ಮೂರು ಸಲ ಜ್ವರ. ಅದು ನಾಲಾದಿಂದಲೇ ಬಂತು ಎಂದು ಡಾಕ್ಟರು ಹೇಳಲಿಲ್ಲ, ನಾನೂ ಹೇಳಲಾರೆ.

ದೂರು ಕೊಡಲು ಹೋದರೆ ಕಚೇರಿಯಲ್ಲಿ ಎರಡು ಮಾತು ಕೇಳಿದೆ. ಒಂದು, ಫಂಡ್ ಇಲ್ಲ. ಎರಡು, ನೋಡಿಯೇ ಅಲ್ಲವೇ ಮೇಡಂ ಮನೆ ತಗೊಂಡಿದ್ದು?

ನನ್ನ ಎಂ.ಟೆಕ್‌ನಲ್ಲಿ ಕಾನೂನು ಓದಿಸಿರಲಿಲ್ಲ. ರಾತ್ರಿ ಆಫೀಸ್ ಕಾಲ್ ಮುಗಿದ ಮೇಲೆ ಹುಡುಕುತ್ತಾ ಕೂತೆ. ಸಿಕ್ಕಿದ್ದು ಮಧ್ಯಪ್ರದೇಶದ ರತ್ಲಾಮ್. ಅಲ್ಲಿನ ಒಂದು ವಾರ್ಡಿನಲ್ಲಿ ತೆರೆದ ಚರಂಡಿ, ಮದ್ಯಸಾರ ಕಾರ್ಖಾನೆಯ ನಾರುವ ನೀರು ಬೀದಿಗೆ, ಶೌಚಾಲಯವಿಲ್ಲದೆ ಬಡವರು ರಸ್ತೆ ಬದಿಯಲ್ಲೇ ಕೂರಬೇಕಾದ ಸ್ಥಿತಿ. ನಿವಾಸಿಗಳು ಮ್ಯಾಜಿಸ್ಟ್ರೇಟರ ಬಳಿ ಹೋದರು. ಅವರು ಹಿಡಿದದ್ದು ಹೊಸ ಪರಿಸರ ಕಾಯ್ದೆಯನ್ನಲ್ಲ, ಸಾರ್ವಜನಿಕ ಉಪದ್ರವ ತೆಗೆಸುವ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮನ್ನು. ಬ್ರಿಟಿಷರ 1898ರ ಸಂಹಿತೆಯಲ್ಲೂ ಇದ್ದ ಕಲಮು ಅದು.

ಆರು ತಿಂಗಳಲ್ಲಿ ಯೋಜನೆ ತಯಾರಿಸಿ ಎಂದು ಮ್ಯಾಜಿಸ್ಟ್ರೇಟ್ ಆದೇಶಿಸಿದರು. ಪುರಸಭೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದರ ವಾದವೇನು ಗೊತ್ತೇ? ಹಣವಿಲ್ಲ, ಜತೆಗೆ, ಅಲ್ಲಿ ಕೊಳಕಿದೆ ಎಂದು ತಿಳಿದೇ ಇವರು ಮನೆ ಮಾಡಿಕೊಂಡವರು, ಈಗ ದೂರುವಂತಿಲ್ಲ! ಓದಿ ಒಬ್ಬಳೇ ನಕ್ಕೆ. ನನಗೆ ಹೇಳಿದ್ದೂ ಅದನ್ನೇ.

1980ರ ಜುಲೈನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಎರಡನ್ನೂ ತಳ್ಳಿಹಾಕಿತು. ಹಣವಿಲ್ಲ ಎಂಬುದು ಪುರಸಭೆಗೆ ನೆಪವಾಗದು. ಆದರೆ ಕೋರ್ಟು ಆಕಾಶ ತೋರಿಸಲಿಲ್ಲ. ದುಬಾರಿ ಯೋಜನೆ ಬಿಟ್ಟು ಸುಮಾರು 6 ಲಕ್ಷ ರೂಪಾಯಿಯದನ್ನು ಒಪ್ಪಿ, ಒಂದು ವರ್ಷದ ಗಡುವು ಕೊಟ್ಟಿತು. ಆರು ತಿಂಗಳೊಳಗೆ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಾಲಯ, ನೀರಿನ ವ್ಯವಸ್ಥೆ, ಬೆಳಿಗ್ಗೆ ಸಂಜೆ ಶುಚಿ. ಸೊಳ್ಳೆ ಹುಟ್ಟದಂತೆ ಮಾಡುವುದೂ ಆದೇಶದಲ್ಲಿತ್ತು. ಸುಪ್ರೀಂ ಕೋರ್ಟು ಸೊಳ್ಳೆಯ ವಿಚಾರ ಬರೆದದ್ದು ನನಗೆ ಬಹಳ ಹಿಡಿಸಿತು.

ಪರಿಸರ ಕಾನೂನೆಂದರೆ ನಾವು ಸಾಮಾನ್ಯವಾಗಿ ಹೇಳುವ ಕತೆ ಬೇರೆ. 1972ರ ಸ್ಟಾಕ್‌ಹೋಮ್ ಸಮ್ಮೇಳನ, 1974ರ ಜಲ ಕಾಯ್ದೆ, ಭೋಪಾಲ ದುರಂತದ ನಂತರ 1986ರ ಪರಿಸರ ಸಂರಕ್ಷಣಾ ಕಾಯ್ದೆ. ಇವೆಲ್ಲ ದೊಡ್ಡವೇ. ಆದರೆ ಜಲ ಕಾಯ್ದೆಯಡಿ ಖಟ್ಲೆ ಹೂಡುವ ಅಧಿಕಾರ ಮಾಲಿನ್ಯ ಮಂಡಳಿಗಿತ್ತು. ಅದರ ಲಿಖಿತ ಒಪ್ಪಿಗೆ ಇಲ್ಲದೆ ನಮ್ಮಂಥವರು ಹೂಡುವಂತಿರಲಿಲ್ಲ. 60 ದಿನದ ನೋಟಿಸು ಕೊಟ್ಟು ನೇರವಾಗಿ ಕೋರ್ಟಿಗೆ ದೂರು ಕೊಡುವ ದಾರಿ ತೆರೆದದ್ದು 1986ರ ಕಾಯ್ದೆಯಲ್ಲಿ. ಜಲ ಕಾಯ್ದೆಗೆ ಅದು ಸೇರಿದ್ದು 1988ರ ತಿದ್ದುಪಡಿಯಲ್ಲಿ. 2010ರ ಕಾಯ್ದೆಯಿಂದ ಹಸಿರು ನ್ಯಾಯಮಂಡಳಿ ಬಂತು. ಪುಣೆಯಲ್ಲೂ ಚೆನ್ನೈಯಲ್ಲೂ ಅದರ ಪೀಠಗಳಿವೆ, ಕರ್ನಾಟಕ ಚೆನ್ನೈ ಪೀಠಕ್ಕೆ ಸೇರಿದೆ.

ಆ ಹಳೆಯ 133 ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152ನೇ ಕಲಮು. ಅರ್ಜಿ ಹೋಗುವುದು ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ, ಊರಲ್ಲಿ ನಾವು ಎಸಿ ಸಾಹೇಬರು ಅನ್ನುತ್ತೇವಲ್ಲ, ಅವರಿಗೆ.

ಕಳೆದ ಭಾನುವಾರ ಸಹಿ ಹಾಕಿಸಲು ಹೊರಟೆ. ನಮ್ಮ ಕಟ್ಟಡದಿಂದ 23 ಸಹಿ ಆಯಿತು. ನಾಲಾದ ಆಚೆ ದಡದಲ್ಲಿ ತಗಡಿನ ಮನೆಗಳಿವೆ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಅಲ್ಲಿಯವರು. ಮನೆ ಪತ್ರ ಇಲ್ಲದವರೂ ಸಹಿ ಹಾಕಬಹುದಾ ಎಂದು ಕೇಳಿದರು. ಆ ಕಲಮನ್ನು ಇನ್ನೊಮ್ಮೆ ಓದಿದೆ. ಮಾಹಿತಿ ಕೊಡುವವರ ಬಳಿ ಮನೆ ಪತ್ರ ಇರಬೇಕೆಂದು ಅದರಲ್ಲಿ ಎಲ್ಲೂ ಇಲ್ಲ. ಸಂಜೆ ಅವರೇ ಹಾಳೆ ತೆಗೆದುಕೊಂಡು ಹೋದರು. ವಾಪಸು ತಂದಾಗ 18 ಹೆಸರು ಹೆಚ್ಚಿದ್ದವು, ಅದರಲ್ಲಿ 11 ಹೆಬ್ಬೆಟ್ಟು.